ನಿಷೇಧದ ಆಚೆಗೆ: ಕ್ಷಯದ ರಕ್ತಪರೀಕ್ಷೆ ಮತ್ತು ನಮ್ಮ ಕಾನೂನು



ವೈದ್ಯಕೀಯ ಸಾಧನವೊಂದು ಕೇಡು ಮಾಡುತ್ತಿದೆ ಎಂದು ಗೊತ್ತಾದ ಮೇಲೆ ಕಾನೂನು ಅದನ್ನು ಪೇಟೆಯಿಂದ ಹೇಗೆ ತೆಗೆಯುತ್ತದೆ, ತೆಗೆದ ಮೇಲೂ ಉಳಿಯುವ ಕೆಲಸ ಯಾವುದು ಎಂಬುದು ಇಂದಿನ ವಿಷಯ. ಇದಕ್ಕೆ ಕ್ಷಯದ ರಕ್ತಪರೀಕ್ಷೆಯ ಕಿಟ್ಟನ್ನು ಆರಿಸಿಕೊಂಡಿದ್ದೇನೆ.

ಶ್ವಾಸಕೋಶದ ಕ್ಷಯವಾದರೆ ರೋಗಾಣು ಸಿಗುವುದು ಕಫದಲ್ಲಿ. ಈ ಕಿಟ್ ರೋಗಾಣುವನ್ನು ಹುಡುಕುತ್ತಲೇ ಇರಲಿಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುತ್ತಿತ್ತು. ರೋಗಾಣು ಮೈಯೊಳಗಿದ್ದೂ ಕಾಯಿಲೆ ಬೀಳದವರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ. ಹಾಗಾಗಿ ಕಾಯಿಲೆ ಇಲ್ಲದವರ ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಬರುತ್ತಿತ್ತು. ಕಾಯಿಲೆ ಇದ್ದವರದು ‘ನೆಗೆಟಿವ್’ ಆಗುತ್ತಿತ್ತು. ಮೊದಲನೆಯವರು ಮೂತ್ರವನ್ನು ಕೆಂಪಾಗಿಸುವ, ಕೆಲವೊಮ್ಮೆ ಯಕೃತ್ತನ್ನೇ ಕೆಡಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ವಿನಾಕಾರಣ ನುಂಗಿದರು. ಎರಡನೆಯವರು ಕೆಮ್ಮುತ್ತಲೇ ಮನೆಗೆ ಹೋದರು. ಮನೆಮಂದಿಗೂ ರೋಗ ಅಂಟಿತು.

ಭಾರತದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಇಂಥ ಪರೀಕ್ಷೆಗಳು ನಡೆಯುತ್ತಿದ್ದವೆಂದು ಅಂದಾಜು. ಖಾಸಗಿ ಲ್ಯಾಬುಗಳಲ್ಲಿ ಅದರ ದುಡ್ಡನ್ನು ತೆತ್ತವರು ರೋಗಿಗಳೇ. 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಯನ್ನು ಬಳಸಲೇಬಾರದು ಎಂದು ಸಾರಿತು. 2012ರ ಜೂನ್ 7ರಂದು ಕೇಂದ್ರ ಸರ್ಕಾರ ಇದರ ಆಮದು, ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು.

ಆ ಅಧಿಕಾರ ಬಂದದ್ದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯಿಂದ. ರೋಗ ಪತ್ತೆಗೆ ಬಳಸುವ ವಸ್ತುವೂ ಆ ಕಾಯ್ದೆಯಡಿ ‘ಔಷಧ’ವೇ. 1982ರ ತಿದ್ದುಪಡಿ 10ಎ ಮತ್ತು 26ಎ ಕಲಮುಗಳನ್ನು ಸೇರಿಸಿತು. ಅಪಾಯಕಾರಿ ಸರಕಿನ ಆಮದನ್ನೂ ಮಾರಾಟವನ್ನೂ ಸಾರ್ವಜನಿಕ ಹಿತದೃಷ್ಟಿಯಿಂದ ತಡೆಯುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಮೂರು ದಶಕಗಳ ಹಿಂದೆ ಸಂಸತ್ತು ಬರೆದಿಟ್ಟ ಎರಡು ಕಲಮುಗಳು ಅಂದು ಲಕ್ಷಾಂತರ ಜನರನ್ನು ಕಾಪಾಡಿದವು.

ಆದರೆ ನಿಷೇಧದ ಅಧಿಸೂಚನೆ ಅಂಗಡಿಯ ಸರಕನ್ನು ತೆಗೆಸಿತೇ ಹೊರತು, ತಪ್ಪು ರಿಪೋರ್ಟು ಹಿಡಿದು ಮನೆಗೆ ಹೋದವರನ್ನು ಹುಡುಕಲಿಲ್ಲ. ಮೈಯೊಳಗೆ ಕೂರಿಸುವ ಸಾಧನಗಳಲ್ಲಿ ಈ ಕೊರತೆ ಇನ್ನೂ ಘೋರ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೃತಕ ಕೀಲಿನಲ್ಲಿ ಲೋಹಕ್ಕೆ ಲೋಹ ಉಜ್ಜಿ, ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರುತ್ತಿದ್ದವು. 2010ರ ಆಗಸ್ಟಿನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸು ಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ಆಗಿಹೋಗಿದ್ದವು. ಕೇಂದ್ರದ ತಜ್ಞರ ಸಮಿತಿಯ ವರದಿ 2018ರಲ್ಲಿ ಹೊರಬಂದಾಗಲೂ ಆ ರೋಗಿಗಳಲ್ಲಿ ಬಹುಪಾಲು ಜನ ಎಲ್ಲಿದ್ದಾರೆಂಬುದೇ ತಿಳಿದಿರಲಿಲ್ಲ. ನೊಂದವರಿಗೆ ಪರಿಹಾರ ಕೊಡಿಸುವ ಕಲಮು ಕಾಯ್ದೆಯಲ್ಲಿರಲಿಲ್ಲ. ಸರ್ಕಾರ ಪ್ರತ್ಯೇಕ ಸೂತ್ರವನ್ನೇ ರೂಪಿಸಬೇಕಾಯಿತು.

ಈ ನಡುವೆ ಕಾನೂನು ಮುಂದೆ ಸಾಗಿದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ಸರಕು ವಾಪಸು ಪಡೆಯುವ ವಿಧಿ ಇದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಇವು ಸಾಲವು. ಕೃತಕ ಕೀಲು, ಕವಾಟ, ಸ್ಟೆಂಟು ಹಾಕಿಸಿಕೊಂಡ ಪ್ರತಿಯೊಬ್ಬರೂ ರಾಷ್ಟ್ರೀಯ ದಾಖಲೆಯಲ್ಲಿರಬೇಕು. ಸಾಧನ ಕೆಟ್ಟದ್ದೆಂದು ತಿಳಿದ ದಿನವೇ ಅವರ ಮನೆಗೆ ಸುದ್ದಿ ಮುಟ್ಟಬೇಕು. ಪರಿಹಾರ ಕಾಯ್ದೆಯಲ್ಲೇ ಹಕ್ಕಾಗಿ ಸೇರಬೇಕು.

ಮತ್ತೆ ಕ್ಷಯಕ್ಕೆ ಬರೋಣ. ಜನ ಆಸ್ಪತ್ರೆಗೆ ಬರುವುದಿಲ್ಲವೆಂದು ದೂರುವವರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ 1960ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನ ಇದನ್ನು ಸುಳ್ಳಾಗಿಸಿತು. ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ದವಾಖಾನೆಗೆ ಹೋಗಿದ್ದರು. ನಂಬಿ ಬಂದವರಿಗೆ ಸರಿಯಾದ ಪರೀಕ್ಷೆ ಕೊಡುವುದು ವ್ಯವಸ್ಥೆಯ ಹೊಣೆ. ಇಂದು ಬೆಂಗಳೂರಿನಲ್ಲೇ ರೂಪುಗೊಂಡ ಟ್ರೂನಾಟ್ ಯಂತ್ರ ಕಫದಲ್ಲಿ ರೋಗಾಣುವಿನ ಡಿಎನ್‌ಎಯನ್ನೇ ಪತ್ತೆ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಗೂ ಔಷಧಿಗೂ ದುಡ್ಡು ಕೊಡಬೇಕಿಲ್ಲ.

ಬಂಧುಗಳೇ, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯನ್ನೇ ಕೇಳಿ. ಮನೆಯವರಿಗೆ ಕೀಲು ಹಾಕಿಸಿದರೆ, ಕೇಸ್ ಶೀಟಿಗೆ ಅಂಟಿಸುವ ಸಾಧನದ ಸ್ಟಿಕ್ಕರಿನ ಪ್ರತಿಯನ್ನು ಪಡೆದು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಮತ ಕೇಳಲು ಬಂದವರ ಮುಂದೆ ದಾಖಲೆ, ಸುದ್ದಿ, ಪರಿಹಾರ ಈ ಮೂರನ್ನೂ ಇಡಿ. 1982ರಲ್ಲಿ ಸಂಸತ್ತು ಎರಡು ಕಲಮು ಸೇರಿಸಿತು. ಇನ್ನೂ ಮೂರನ್ನು ಸೇರಿಸಲು ಅದಕ್ಕೆ ಸಾಧ್ಯವಿದೆ.