ಕೊನೆಯ ವಾರದ ಕೂಲಿ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ನಿಂತು ಗೂಡಿನ ಎಳೆ ಹಿಡಿಯುವ ಎಷ್ಟೋ ಮಂದಿಗೆ ಕೂಲಿಗಿಂತ ಮೊದಲು ಕೈಸೇರುವುದು ಮುಂಗಡ. ಮದುವೆಗೋ ಆಸ್ಪತ್ರೆಗೋ ಪಡೆದ ಆ ಹಣ ಮಾಲೀಕರ ಪುಸ್ತಕದಲ್ಲಿ ಹಾಜರಿಯ ಮಗ್ಗುಲಲ್ಲೇ ಇರುತ್ತದೆ. ಕೆಲಸ ಬಿಡುತ್ತೇನೆಂದ ದಿನ ಎರಡು ಲೆಕ್ಕವೂ ಒಂದಾಗಿಬಿಡುತ್ತದೆ: ಮುಂಗಡ ಚುಕ್ತಾ ಮಾಡು, ಕೂಲಿಯ ಮಾತು ಆಮೇಲೆ. ದುಡಿದ ಕೂಲಿ ಬೇರೆ, ತೀರಿಸಬೇಕಾದ ಸಾಲ ಬೇರೆ. ಒಂದಕ್ಕಾಗಿ ಇನ್ನೊಂದನ್ನು ಪೂರ್ತಿ ತಡೆಹಿಡಿಯಲು ಕಾನೂನು ಬಿಡುವುದಿಲ್ಲ.

1936ರ ವೇತನ ಪಾವತಿ ಕಾಯ್ದೆಯಲ್ಲಿ ಒಂದು ಕಿಂಡಿ ಇತ್ತು. ಮಾಲೀಕರೇ ತೆಗೆದುಹಾಕಿದರೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಬಾಕಿ ಕೊಡಬೇಕಿತ್ತು. ತಾವಾಗಿ ಬಿಟ್ಟವರು ಮಾಮೂಲು ಬಟವಾಡೆಯ ದಿನಕ್ಕೆ ಕಾಯಬೇಕಿತ್ತು. ಹೊರಹಾಕಿದವರನ್ನೂ ‘ಅವರೇ ಬಿಟ್ಟರು’ ಎಂದುಬಿಟ್ಟರೆ ಮುಗಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ಈ ಕಿಂಡಿ ಮುಚ್ಚಿದೆ. ತೆಗೆದರೂ, ರಾಜೀನಾಮೆ ಕೊಟ್ಟರೂ, ಘಟಕವೇ ಬಾಗಿಲು ಹಾಕಿದರೂ ಗಡುವು ಎರಡು ಕೆಲಸದ ದಿನ. ಗೌರಿಬಿದನೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಚಿಂತಾಮಣಿಯ ಅಂಗಡಿ ಗುಮಾಸ್ತರಿಗೂ ಚಿಕ್ಕಬಳ್ಳಾಪುರದ ಹೋಟೆಲ್ ಸಪ್ಲೈಯರ್‌ಗೂ ಇದೇ ನಿಯಮ.

ಮುಂಗಡ ಪಡೆದವರು ಬೆಳಗಾಗುವುದರೊಳಗೆ ಪಕ್ಕದ ಘಟಕಕ್ಕೆ ಹೋದರೆ ನಮ್ಮ ಗತಿಯೇನು ಎಂದು ಮಾಲೀಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಮುಂಗಡ ಮುರಿದುಕೊಳ್ಳಲು ಸಂಹಿತೆಯೂ ಒಪ್ಪುತ್ತದೆ. ಆದರೆ ಒಂದು ವೇತನಾವಧಿಯಲ್ಲಿ ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ಮೀರುವಂತಿಲ್ಲ. ಸಾಲ ತೀರುವವರೆಗೆ ಬೇರೆಡೆ ದುಡಿಯಬೇಡ ಎಂದು ಕಟ್ಟಿಹಾಕಿದರಂತೂ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಸಿಕ್ಕಿಬೀಳುತ್ತದೆ. ಜೀತವೆಂದು ಸಾಬೀತಾದರೆ ಸಾಲವೇ ರದ್ದು. ಕೂಲಿ ತಡೆಹಿಡಿದು ಉಳಿಸಿಕೊಳ್ಳಲು ಹೋದವರು ಮುಂಗಡವನ್ನೂ ಕಳೆದುಕೊಳ್ಳುತ್ತಾರೆ. ಇನ್ನು, ಎರಡೇ ದಿನಕ್ಕೆ ದುಡ್ಡೆಲ್ಲಿಂದ ತರುವುದು ಎಂಬ ಮಾತು. ಗೂಡಿನ ಹರಾಜಿಗೆ ಹಣ ಹೊಂದಿಸುವವರಿಗೆ ಒಬ್ಬರ ವಾರದ ಕೂಲಿ ಹೊಂದದು ಎಂದರೆ ನಂಬುವುದು ಕಷ್ಟ.

ಕಾರ್ಮಿಕರ ಕಡೆಯಿಂದಲೂ ಒಂದು ಸಂದೇಹವಿದೆ: ನೇಮಕದ ಪತ್ರವೇ ಇಲ್ಲ, ಕೇಳುವುದು ಹೇಗೆ? ಕೂಲಿ ಕೊಟ್ಟಾಗಿದೆ ಎಂದು ರುಜುವಾತು ಮಾಡುವ ಹೊಣೆಯನ್ನು ಸಂಹಿತೆ ಮಾಲೀಕರ ಮೇಲೆ ಹೊರಿಸಿದೆ. ದೂರು ಕೊಡಲು ಮೂರು ವರ್ಷ ಅವಕಾಶವಿದೆ, ಹಿಂದೆ ಇದ್ದದ್ದು ಹನ್ನೆರಡೇ ತಿಂಗಳು. ಆದರೂ ಅಲ್ಲಿ ದುಡಿದದ್ದೇ ಸುಳ್ಳು ಎಂದು ಮಾಲೀಕರು ಸಾಧಿಸಿದರೆ ಕಾರ್ಮಿಕರ ಕೈಯಲ್ಲೂ ಏನಾದರೂ ಇರಬೇಕು. ಫೋನಿಗೆ ಹಣ ಬಂದ ಮೆಸೇಜು ಆದೀತು, ಹಾಜರಿ ಪುಟದ ಫೋಟೊ ಆದೀತು. ಕೆಲಸ ಬಿಟ್ಟ ಮೇಲೆ ಆ ಪುಸ್ತಕ ಕೈಗೆ ಸಿಗುವುದಿಲ್ಲ. ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಬೇಕು.