ಸೋತ ಪಾಠದಲ್ಲೇ ಗೆಲುವು

(ಸಂಸ್ಥೆಯ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ಗೆದ್ದವರನ್ನು ಹೊಗಳುವುದು ವಾಡಿಕೆ. ನಾನೂ ಹೊಗಳುತ್ತೇನೆ. ಹೊಸ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುವ ನಿಮ್ಮನ್ನು, ನಿಮ್ಮ ಹಿಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿರುವ ನಿಮ್ಮ ತಾಯಂದಿರನ್ನು ನೋಡಿದಾಗ ನಮ್ಮ ಸಂಸ್ಥೆಯ ಶ್ರಮ ಸಾರ್ಥಕವೆನಿಸುತ್ತದೆ. ಆದರೆ ನನ್ನ ಕಣ್ಣು ಇನ್ನೊಂದು ಸಾಲನ್ನು ಹುಡುಕುತ್ತಿದೆ. ಆ ಸಾಲು ಈ ಸಭಾಂಗಣದಲ್ಲಿ ಇಲ್ಲ. ಅದರಲ್ಲಿ ಒಬ್ಬ ಶಿರಾಳಕೊಪ್ಪದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದಾನೆ. ಇನ್ನೊಬ್ಬ ಆನವಟ್ಟಿಯಲ್ಲಿ ತರಕಾರಿ ಗಾಡಿಯ ಹಿಂದೆ ನಿಂತಿದ್ದಾನೆ. ಮತ್ತೊಬ್ಬ ಶುಂಠಿ ಹೊಲಕ್ಕೆ ಕೂಲಿಗೆ ಹೋಗಿದ್ದಾನೆ. ಇವರು ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರು. ದುಡಿಮೆ ಕೀಳಲ್ಲ. ಆದರೆ ಇವರು ದುಡಿಮೆಯನ್ನು ಆರಿಸಿಕೊಂಡು ಹೋದವರಲ್ಲ, ನಾಚಿಕೆಯಿಂದ ಅಲ್ಲಿಗೆ ಓಡಿಹೋದವರು.

ಅವರಿಗಾಗಿ ನಾನು ಇಂದು ಒಂದು ಫುಟ್‌ಬಾಲ್ ತಂಡದ ಕಥೆ ಹೇಳಬೇಕೆಂದಿದ್ದೇನೆ. ನೀವು ನಗಬಹುದು. ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಬಿಟ್ಟರೆ ಫುಟ್‌ಬಾಲ್ ಆಡುವವರು ಕಡಿಮೆ. ಆದರೂ ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮ ರಾಜ್ಯದ ರಾಜಧಾನಿಯಲ್ಲಿ 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಕ್ಲಬ್ ಹುಟ್ಟಿತು. ವೃತ್ತಿಪರ ಎಂದರೆ ಆಟವೇ ಆಟಗಾರರ ಉದ್ಯೋಗ, ಸಂಬಳಕ್ಕೆ ಆಡುವವರು. ಮೊದಲ ವರ್ಷವೇ, ಅಂದರೆ 2014ರ ಏಪ್ರಿಲ್‌ನಲ್ಲಿ, ಈ ತಂಡ ದೇಶದ ಐ-ಲೀಗ್ ಚಾಂಪಿಯನ್ ಆಯಿತು. 2016ರಲ್ಲಿ ಮತ್ತೊಮ್ಮೆ ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು. ಗೆಲುವು ಅಭ್ಯಾಸವಾಗಿದ್ದ ತಂಡ. ನಮ್ಮ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಫಸ್ಟ್ ಬರುವ ಮಗುವಿನ ಹಾಗೆ ಎಂದಿಟ್ಟುಕೊಳ್ಳಿ.

ಸೂಪರ್ ಲೀಗ್‌ನಲ್ಲಿ ಆಗ 10 ತಂಡಗಳಿದ್ದವು. ಪ್ರತಿ ತಂಡಕ್ಕೆ 18 ಲೀಗ್ ಪಂದ್ಯಗಳು. ಗೆದ್ದರೆ 3 ಅಂಕ, ಸಮವಾದರೆ 1 ಅಂಕ. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್, ಅಲ್ಲಿ ಗೆದ್ದ ಎರಡಕ್ಕೆ ಫೈನಲ್. 2017-18ರ ಆ ಮೊದಲ ಪ್ರವೇಶದಲ್ಲೇ ಬೆಂಗಳೂರು 13 ಪಂದ್ಯ ಗೆದ್ದು 40 ಅಂಕಗಳೊಡನೆ ಮೊದಲ ಸ್ಥಾನ ಪಡೆಯಿತು. ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್‌ಸಿಗಿಂತ 8 ಅಂಕ ಮುಂದೆ. ಫೈನಲ್ ನಡೆದದ್ದೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಸ್ವಂತ ಊರು, ಸ್ವಂತ ಜನ.

2018ರ ಮಾರ್ಚ್ 17. ಪಂದ್ಯದ 9ನೇ ನಿಮಿಷದಲ್ಲೇ ನಾಯಕ ಸುನಿಲ್ ಛೆಟ್ರಿ ತಲೆಯಿಂದ ಚೆಂಡು ತಳ್ಳಿ ಗೋಲು ಹೊಡೆದರು. ಎಲ್ಲರೂ ಕಪ್ ನಮ್ಮದೇ ಎಂದುಕೊಂಡರು. ಆಮೇಲೆ ಚೆನ್ನೈಗೆ ಕಾರ್ನರ್ ಕಿಕ್ ಸಿಕ್ಕಿತು. ಮೈದಾನದ ಮೂಲೆಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಒದೆಯುವುದಕ್ಕೆ ಹಾಗೆನ್ನುತ್ತಾರೆ. ಚೆನ್ನೈನ ಮೇಲ್ಸನ್ ಆಲ್ವೆಸ್ ಎಂಬ ರಕ್ಷಣಾ ಆಟಗಾರ ಎದ್ದು ತಲೆಯಿಂದ ಗೋಲು ಹೊಡೆದ. ಅರ್ಧ ಪಂದ್ಯ ಮುಗಿಯುವ ಹೊತ್ತಿಗೆ ಮತ್ತೊಂದು ಕಾರ್ನರ್, ಅದೇ ಆಟಗಾರ, ಅದೇ ತಲೆ, ಮತ್ತೊಂದು ಗೋಲು. ಕೊನೆಗೆ ಬೆಂಗಳೂರು 2-3ರಿಂದ ಸೋತಿತು. ವರ್ಷವಿಡೀ ಮೊದಲಿಗನಾಗಿದ್ದವನು ತನ್ನ ಮನೆಯಂಗಳದಲ್ಲೇ ನಪಾಸಾದ.

ಆ ರಾತ್ರಿ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದವನು ನನ್ನ ಅಕ್ಕನ ಮಗ. ಹತ್ತನೆಯ ತರಗತಿಯವನು, ಪರೀಕ್ಷೆಗೆ ಕೆಲವೇ ದಿನಗಳಿದ್ದವು. "ಮಾಮು, ಈ ಒಂದು ಮ್ಯಾಚ್ ಮಾತ್ರ" ಎಂದು ಗೋಗರೆದು ಬಂದಿದ್ದ. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಗಣಿತದಲ್ಲಿ ನಪಾಸಾಗಿದ್ದ. ಅಂದು ನಾನು ಒಂದು ತಪ್ಪು ಮಾಡಿದೆ. ಮನೆ ತುಂಬ ಬಂಧುಗಳಿದ್ದಾಗ, "ನಿನ್ನ ಕೈಲಿ ಓದು ಆಗೋದಿಲ್ಲ ಬಿಡು, ಯಾವುದಾದರೂ ಕೆಲಸ ಕಲಿ" ಎಂದುಬಿಟ್ಟೆ. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವ ಮೇಷ್ಟ್ರು ನಾನು! ಅವನು ತಲೆ ಎತ್ತಲಿಲ್ಲ. ಜೂನ್ ತಿಂಗಳ ಪೂರಕ ಪರೀಕ್ಷೆಗೆ ಅರ್ಜಿಯನ್ನೂ ಹಾಕದೆ ಗ್ಯಾರೇಜಿಗೆ ಸೇರಿಕೊಂಡ. ನನ್ನ ಅಕ್ಕ ನನಗೆ ಏನೂ ಹೇಳಲಿಲ್ಲ. ಏನೂ ಹೇಳದಿರುವುದೇ ಹೆಚ್ಚು ನೋಯಿಸಿತು.

ಈಗ ಬೆಂಗಳೂರು ತಂಡ ಆ ಸೋಲಿನ ನಂತರ ಏನು ಮಾಡಿತು ನೋಡಿ. ಮುಖ್ಯ ತರಬೇತುದಾರ ಆಲ್ಬರ್ಟ್ ರೋಕಾ ತಂಡ ಬಿಟ್ಟರು. ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಕ್ಲಬ್ಬು ಹೊಣೆ ಒಪ್ಪಿಸಿತು. ಅಂದರೆ ಸೋಲನ್ನು ಹತ್ತಿರದಿಂದ ಕಂಡವರಿಗೇ. ನಾಯಕ ಛೆಟ್ರಿಯೇ ಉಳಿದರು. ಫೈನಲ್‌ನಲ್ಲಿ ಮೂರು ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರಿಗೆ "ನಿನ್ನ ಕೈಲಿ ಆಗೋದಿಲ್ಲ" ಎಂದು ಯಾರೂ ಹೇಳಲಿಲ್ಲ. ಮುಂದಿನ ವರ್ಷವೂ ಅವರೇ ಗೋಲಿನ ಮುಂದೆ ನಿಂತರು, ಆ ಸಾಲಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯಾದ ಗೋಲ್ಡನ್ ಗ್ಲೋವ್ ಅವರಿಗೇ ಬಂತು. ನಾನು ಮನೆಯಲ್ಲಿ ಮಾಡಲಾಗದ್ದನ್ನು ಒಂದು ಕ್ಲಬ್ಬು ಮಾಡಿತ್ತು.

ಹೊಸ ಋತುವಿನ ಮೊದಲ ಪಂದ್ಯ 2018ರ ಸೆಪ್ಟೆಂಬರ್ 30ರಂದು. ಎದುರಾಳಿ ಯಾರು? ಅದೇ ಚೆನ್ನೈಯಿನ್. ಮೈದಾನ ಯಾವುದು? ಅದೇ ಕಂಠೀರವ. ಅಂದು ಭಾನುವಾರ. ಅಳಿಯ ಕೈಯ ಆಯಿಲ್ ಮಸಿ ತೊಳೆದುಕೊಂಡು ಮನೆಗೆ ಬಂದಿದ್ದ. ನಡುವೆ ಒಮ್ಮೆ ಕೇಳಿದ: "ಮಾಮು, ಸೋಲಿಸಿದವರ ಜೊತೆಗೇ ಮೊದಲನೇ ಮ್ಯಾಚ್ ಆಡ್ತಿದಾರಲ್ಲ, ಇವರಿಗೆ ಹೆದರಿಕೆ ಆಗಲ್ವಾ?" ಮಿಕು ಹೊಡೆದ ಒಂದೇ ಗೋಲಿನಿಂದ ಬೆಂಗಳೂರು 1-0ರಲ್ಲಿ ಗೆದ್ದಿತು. ಅವನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಮರುದಿನ ಸಂಜೆ ಗ್ಯಾರೇಜಿಗೆ ಹೋದೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತಪ್ಪ. ಗಣಿತದಲ್ಲಿ ನಿನಗೆ ಯಾವುದು ತಿಳಿಯಲಿಲ್ಲ, ಹೇಳು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಖಾಗಣಿತ. ಪ್ರಮೇಯ ಎಲ್ಲ ಬಿಟ್ಟು ಓದಿದ್ದೆ" ಎಂದ. ಮಾರನೆಯ ದಿನದಿಂದಲೇ ಪ್ರಮೇಯದಿಂದ ಪಾಠ ಶುರುವಾಯಿತು. ಹಗಲು ಗ್ಯಾರೇಜು, ಇಶಾ ನಮಾಜಿನ ನಂತರ ಒಂದು ಗಂಟೆ ಗಣಿತ.

ತಂಡದ ದಾರಿ ಸುಗಮವಾಗಿತ್ತೆಂದು ತಿಳಿಯಬೇಡಿ. ಮೊದಲ 11 ಪಂದ್ಯಗಳಲ್ಲಿ ಸೋಲಲೇ ಇಲ್ಲ, ನಿಜ. ಆಮೇಲೆ ನಾಲ್ಕು ಸೋಲು ಬಂದವು. 18 ಪಂದ್ಯಗಳಿಗೆ ದೊರೆತದ್ದು 34 ಅಂಕ, ಹಿಂದಿನ ವರ್ಷಕ್ಕಿಂತ 6 ಕಡಿಮೆ. ಗೋವಾ ತಂಡಕ್ಕೂ ಅಷ್ಟೇ ಅಂಕ. ಪರಸ್ಪರ ಆಡಿದ ಪಂದ್ಯಗಳ ಆಧಾರದ ಮೇಲೆ ಬೆಂಗಳೂರಿಗೆ ಮೊದಲ ಸ್ಥಾನ ಸಿಕ್ಕಿತು. ಸೆಮಿಫೈನಲ್‌ನಲ್ಲಿ ಗುವಾಹಟಿಗೆ ಹೋಗಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 1-2ರಿಂದ ಸೋತು ಬಂದರು. ಊರಿಗೆ ಮರಳಿ ಎರಡನೆಯ ಪಂದ್ಯದಲ್ಲಿ 3-0 ಗೆದ್ದು ಫೈನಲ್ ತಲುಪಿದರು.

ಫೈನಲ್ ದಿನಾಂಕ ಯಾವುದು ಗೊತ್ತೇ? 2019ರ ಮಾರ್ಚ್ 17. ಸೋತು ಸರಿಯಾಗಿ ಒಂದು ವರ್ಷ. ಸ್ಥಳ ಮುಂಬೈ, ಎದುರಾಳಿ ಎಫ್‌ಸಿ ಗೋವಾ. 90 ನಿಮಿಷ ಆಡಿದರೂ ಯಾರಿಗೂ ಗೋಲಿಲ್ಲ. ಅಳಿಯ ಎದ್ದ. "ಇದು ಮುಗಿಯೋ ಹಾಗಿಲ್ಲ, ನಾನು ಓದಿಕೊಳ್ತೀನಿ" ಎಂದು ಒಳಗೆ ಹೋದ. 30 ನಿಮಿಷಗಳ ಹೆಚ್ಚುವರಿ ಆಟ ಶುರುವಾಯಿತು. ಅದರ ಮೊದಲರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದರು. ಪೆನಾಲ್ಟಿಗೆ ಇನ್ನು ಮೂರೇ ನಿಮಿಷವೆನ್ನುವಾಗ, 117ನೇ ನಿಮಿಷದಲ್ಲಿ, ಬೆಂಗಳೂರಿಗೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಡಿಮಾಸ್ ಡೆಲ್ಗಾಡೊ ಮೂಲೆಯಿಂದ ಚೆಂಡೆತ್ತಿದರು. ರಕ್ಷಣಾ ಆಟಗಾರ ರಾಹುಲ್ ಭೇಕೆ ಎದ್ದು ತಲೆಯಿಂದ ಹೊಡೆದರು. ಗೋಲು! ನನ್ನ ಕೂಗಿಗೆ ಅಳಿಯ ಪುಸ್ತಕ ಕೈಯಲ್ಲೇ ಹಿಡಿದು ಓಡಿ ಬಂದ. ಬೆಂಗಳೂರು 1-0ರಿಂದ ಚಾಂಪಿಯನ್. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಫೈನಲ್‌ನಲ್ಲೂ ಗೆದ್ದದ್ದು ಸೂಪರ್ ಲೀಗ್‌ನಲ್ಲಿ ಅದೇ ಮೊದಲು.

ವಿದ್ಯಾರ್ಥಿಗಳೇ, ನಾನು ಹೇಳಬೇಕೆಂದಿದ್ದ ಮಾತು ಇಷ್ಟೇ. ಬೆಂಗಳೂರು ಸೋತದ್ದು ಕಾರ್ನರ್ ಕಿಕ್‌ನಿಂದ ಬಂದ ತಲೆ ಹೊಡೆತಗಳಿಂದ. ಗೆದ್ದದ್ದೂ ಕಾರ್ನರ್ ಕಿಕ್‌ನಿಂದ ಬಂದ ತಲೆ ಹೊಡೆತದಿಂದ. ಸೋತ ಪಾಠವನ್ನು ಪುಸ್ತಕದಿಂದ ಹರಿದು ಬಿಸಾಡಿ ಯಾರೂ ಪಾಸಾಗುವುದಿಲ್ಲ, ಆ ಪುಟಕ್ಕೇ ಮರಳಿ ಹೋಗಬೇಕು. ನಮ್ಮ ಮಕ್ಕಳಲ್ಲಿ ಬಹಳ ಮಂದಿ ನಪಾಸಾಗುವುದು ಇಡೀ ಪುಸ್ತಕದಿಂದಲ್ಲ, ಅವರವರ ಕಾರ್ನರ್ ಕಿಕ್‌ನಿಂದ. ಒಬ್ಬರಿಗೆ ಪ್ರಮೇಯ, ಒಬ್ಬರಿಗೆ ಇಂಗ್ಲಿಷ್ ವ್ಯಾಕರಣ, ಮನೆಯಲ್ಲಿ ಉರ್ದು ಮಾತನಾಡುವ ಮಗುವಿಗೆ ಕೆಲವೊಮ್ಮೆ ಕನ್ನಡದ ಒತ್ತಕ್ಷರ. ಅದು ಯಾವುದೆಂದು ಕೇಳುವವರು ಬೇಕು.

ಗೆದ್ದ ಮಕ್ಕಳಿಗೂ ಒಂದು ಮಾತಿದೆ. 2018ರಲ್ಲಿ ಕಪ್ ಎತ್ತಿದ ಚೆನ್ನೈಯಿನ್ ತಂಡ ಮರುವರ್ಷ ಎಷ್ಟನೆಯ ಸ್ಥಾನಕ್ಕೆ ಬಂತು ಗೊತ್ತೇ? 9 ಅಂಕಗಳೊಡನೆ ಹತ್ತರಲ್ಲಿ ಹತ್ತನೆಯ ಸ್ಥಾನ. ಇಂದು ನೀವು ಪಡೆಯುವ ಫಲಕ ಗೋಡೆಗೆ ಶೋಭೆ, ಮುಂದಿನ ವರ್ಷದ ಪ್ರಶ್ನೆಪತ್ರಿಕೆಗೆ ಅದು ಉತ್ತರ ಬರೆಯುವುದಿಲ್ಲ. ಬೆಂಗಳೂರು ತಂಡವೂ ಅದರಿಂದ ಹೊರತಲ್ಲ. 2023 ಮತ್ತು 2025ರ ಫೈನಲ್‌ಗಳಲ್ಲಿ ಅದೂ ಸೋತಿದೆ, ಮತ್ತೆ ಆಡುತ್ತಿದೆ.

ಇದು ದೊಡ್ಡ ಹಣವುಳ್ಳ ಕ್ಲಬ್ಬಿನ ಕಥೆ, ನಮಗೇನು ಸಂಬಂಧ ಎನ್ನುವ ಹಿರಿಯರಿರಬಹುದು. ಅವರಿಗೆ ಹಳೆಯ ಒಂದು ಸಂಗತಿ ನೆನಪಿಸುತ್ತೇನೆ. ಮುಂಬೈಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ದಶಕಗಟ್ಟಲೆ ಅದನ್ನು ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು, ಹೆಸರು ಬ್ಯಾಂಗಲೋರ್ ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಮಣಿಸಿದ್ದು ಕೋಲ್ಕತ್ತದ ಹೆಸರಾಂತ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1938ರಲ್ಲಿ ಮತ್ತೆ ಗೆದ್ದರು, ಹತ್ತು ವರ್ಷಗಳ ನಂತರ 1948ರಲ್ಲಿ ಮೂರನೆಯ ಬಾರಿ. 2019ರಲ್ಲಿ ಬೆಂಗಳೂರು ಎಫ್‌ಸಿ ಮುಂಬೈಯಲ್ಲಿ ಕಪ್ ಎತ್ತುವ 82 ವರ್ಷ ಮೊದಲೇ ಅದೇ ನಗರದಲ್ಲಿ ನಮ್ಮ ನಾಡಿನ ಹುಡುಗರು ಕಪ್ ಎತ್ತಿದ್ದರು. ಇದು ನಮ್ಮ ಮಕ್ಕಳಿಗೆ ತಿಳಿದಿರಲಿ. ಅಷ್ಟೇ ಅಲ್ಲ, 2019ರ ತಂಡದಲ್ಲಿ ಪಂಜಾಬಿನ ಗುರ್‌ಪ್ರೀತ್, ಮಣಿಪುರದ ಉದಾಂತ ಸಿಂಗ್, ಮುಂಬೈಯ ಭೇಕೆ, ವೆನೆಜುವೆಲಾದ ಮಿಕು, ಸ್ಪೇನಿನ ಡಿಮಾಸ್ ಒಂದೇ ಅಂಗಿ ತೊಟ್ಟಿದ್ದರು. ಶಾಲೆಯ ಬೆಂಚೂ ಹಾಗೆಯೇ ಇರಬೇಕು.

ಅಳಿಯನ ಕಥೆ ಏನಾಯಿತೆಂದು ನೀವು ಕೇಳದಿದ್ದರೂ ಹೇಳಬೇಕು. ಅವನು ರ್‍ಯಾಂಕ್ ಬರಲಿಲ್ಲ. ಗಣಿತದಲ್ಲಿ 46 ಅಂಕ ಬಂದವು. ಅದರಲ್ಲಿ ಒಂದು ಪ್ರಮೇಯದ ಪೂರ್ತಿ ಅಂಕವೂ ಸೇರಿತ್ತೆಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ. ಐ.ಟಿ.ಐ. ಮುಗಿಸಿದ. ಇಂದು ಅದೇ ಗ್ಯಾರೇಜಿನ ಕೆಲಸವನ್ನೇ ಮಾಡುತ್ತಿದ್ದಾನೆ, ಆದರೆ ತನ್ನದೇ ಅಂಗಡಿಯಲ್ಲಿ, ಲೆಕ್ಕದ ಪುಸ್ತಕ ತಾನೇ ಬರೆದುಕೊಂಡು. ಅವನಲ್ಲಿ ಕೆಲಸ ಕಲಿಯಲು ಬರುವ ಹುಡುಗರನ್ನು ಮೊದಲು ಕೇಳುತ್ತಾನಂತೆ: "ಎಸ್ಸೆಸ್ಸೆಲ್ಸಿ ಆಯ್ತಾ? ಯಾವ ಸಬ್ಜೆಕ್ಟ್ ಉಳಿದಿದೆ?"

ಪಾಲಕರೇ, ಈಗ ಮರುಪರೀಕ್ಷೆ ಬರೆಯಲು ವರ್ಷ ಕಾಯಬೇಕಿಲ್ಲ, ಅದೇ ಬೇಸಿಗೆಯಲ್ಲೇ ಮತ್ತೊಂದು ಅವಕಾಶವಿದೆ. ಫಲಿತಾಂಶದ ದಿನ ನಿಮ್ಮ ನಾಲಿಗೆಯನ್ನು ಹಿಡಿದಿಟ್ಟುಕೊಳ್ಳಿ. ಆಡಿದ ಒಂದು ಮಾತಿಗೆ ನನ್ನ ಅಳಿಯ ಒಂದು ಅವಕಾಶ ಕಳೆದುಕೊಂಡ, ಅದರ ಲೆಕ್ಕ ನನ್ನ ಮೇಲಿದೆ.

ಬಹುಮಾನ ಪಡೆದ ಮಕ್ಕಳೇ, ನಿಮಗೂ ಒಂದು ಮನೆಗೆಲಸ ಕೊಡುತ್ತೇನೆ. ನಾಳೆ ನಿಮ್ಮ ಬೀದಿಯಲ್ಲಿ ನಪಾಸಾದ ಒಬ್ಬರ ಮನೆಗೆ ಹೋಗಿ. "ಎಷ್ಟು ಮಾರ್ಕ್ಸ್ ಬಂತು" ಎಂದು ಕೇಳಬೇಡಿ. "ಯಾವ ಪಾಠ ತಿಳಿಯಲಿಲ್ಲ" ಎಂದು ಕೇಳಿ, ನಿಮಗೆ ತಿಳಿದಿದ್ದರೆ ಜೊತೆಗೆ ಕುಳಿತು ಹೇಳಿಕೊಡಿ. ಮುಂದಿನ ವರ್ಷದ ಸಮಾರಂಭಕ್ಕೆ ನೀವು ಒಬ್ಬರೇ ಬರಬೇಡಿ, ಅವರನ್ನೂ ಕರೆದುಕೊಂಡು ಬನ್ನಿ. ಅವರಿಗಾಗಿ ಇಲ್ಲಿ ಒಂದು ಸಾಲು ಕುರ್ಚಿ ಹಾಕಿಸುವ ಜವಾಬ್ದಾರಿ ನಮ್ಮ ಸಂಸ್ಥೆಯದು.