ಕೋವಿಯ ಬಾಯಿ ಯಾರ ಕಡೆಗಿದೆ?

(ಜುಮಾ ಖುತ್ಬಾದ ಸಾರಾಂಶ)

 



ಮಿಂಬರಿನ ಮೇಲೆ ಕೋವಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕೊಡಗು, ಸುಳ್ಯ, ಪುತ್ತೂರು, ಮಲೆನಾಡಿನ ಕಡೆ ಬದುಕುವ ನಮಗೆ ಕೋವಿ ಸಿನಿಮಾದಲ್ಲಿ ಮಾತ್ರ ಕಾಣುವ ವಸ್ತುವಲ್ಲ. ಹಂದಿ, ಮಂಗಗಳ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಲೈಸೆನ್ಸ್ ಪಡೆದ ಕೋವಿ ಎಷ್ಟೋ ಮನೆಗಳಲ್ಲಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯೇ ಇದೆ. ನಮ್ಮಲ್ಲಿ ತೋಟದ ಮಾಲಕರಿದ್ದಾರೆ, ತೋಟದ ಕಾವಲಿನವರಿದ್ದಾರೆ, ಅಂತಹ ಮನೆಗಳಿಗೆ ಆಟಕ್ಕೆ ಹೋಗುವ ಮಕ್ಕಳಿದ್ದಾರೆ.

ಅನಾಹುತದ ಸುದ್ದಿ ಬಂದಾಗ ಎರಡು ಮಾತು ಕೇಳಿಬರುತ್ತದೆ. ಒಂದು, ಕೋವಿ ತಾನಾಗಿ ಸಿಡಿಯಿತು. ಇನ್ನೊಂದು, ಎಲ್ಲ ತಕ್ದೀರ್. ಇವೆರಡನ್ನೂ ನಾವು ಸ್ವಲ್ಪ ತಡೆದು ನೋಡಬೇಕಾಗಿದೆ.

ಗೋಡೆಗೆ ಒರಗಿಸಿದ ಕೋವಿ ಸುಮ್ಮನೆ ಸಿಡಿಯುವುದಿಲ್ಲ. ಅದರೊಳಗೆ ಯಾರೋ ಈಡು ತುಂಬಿರುತ್ತಾರೆ, ತೆಗೆಯದೆ ಬಿಟ್ಟಿರುತ್ತಾರೆ. ಹಳೆಯ ಕೇಪಿನ ಕೋವಿಯನ್ನೇ ನೋಡಿ. ಬಾಯಿಯಿಂದ ಮದ್ದು, ಚರೆ ತುಂಬಿಸುವ ಕೋವಿ ಅದು. ತುಂಬಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ನೋಡಿದರೆ ಗೊತ್ತಾಗದು. ಹಿಂದಿನ ಮಳೆಗಾಲದಲ್ಲಿ ತುಂಬಿಸಿದ ಈಡು ಈ ಮಳೆಗಾಲದಲ್ಲೂ ಹೊತ್ತಿಕೊಳ್ಳಬಹುದು. ಕುದುರೆ ಕೇಪಿನ ಮೇಲೆ ಕುಳಿತಿದ್ದರೆ, ಕೋವಿ ನೆಲಕ್ಕೆ ಬಿದ್ದು ಕುದುರೆಗೆ ಪೆಟ್ಟು ತಗಲಿದರೂ ಸಾಕು, ಟ್ರಿಗರನ್ನು ಯಾರೂ ಮುಟ್ಟಬೇಕಾಗಿಲ್ಲ. ತಿಳಿದ ಹಿರಿಯರು ಮೊದಲು ಕೇಪು ತೆಗೆದು, ಬಾಯಿಯನ್ನು ಜನರಿಲ್ಲದ ಕಡೆಗೆ ಮಾಡಿ, ಗಜವನ್ನು ನಳಿಗೆಯೊಳಗೆ ಬಿಟ್ಟು ಅಳೆಯುತ್ತಿದ್ದರು. ಆಗಲೂ ಗಜದ ನೇರಕ್ಕೆ ಮುಖ ತರುತ್ತಿರಲಿಲ್ಲ. ಅದೇ ಗಜವನ್ನು ಹೊರಗೆ ನಳಿಗೆಯ ಉದ್ದಕ್ಕೆ ಹಿಡಿದು ನೋಡಿದರೆ, ಬುಡದವರೆಗೆ ಹೋಯಿತೋ, ನಡುವೆ ಏನೋ ತಡೆಯಿತೋ ಎಂಬುದು ತಿಳಿಯುತ್ತದೆ. ಜೋಡುನಳಿಗೆ ಕೋವಿಯದು ಬೇರೆಯೇ ಮೋಸ. ಒಂದು ತೋಟೆ ಹಾರಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ, ಇನ್ನೊಂದು ಒಳಗೇ ಇರುತ್ತದೆ. ಪಿಸ್ತೂಲಿನದು ಇನ್ನೂ ಮೋಸ. ಕೆಳಗಿನ ಮ್ಯಾಗಜಿನ್ ಎಳೆದು ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು.

2024ರ ಅಕ್ಟೋಬರ್ 1ರಂದು ಮುಂಬೈಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರಿನ ಗುಂಡು ತಗಲಿತು. ಕಪಾಟಿನಲ್ಲಿ ಇಡುವಾಗ ಅದು ಕೈಜಾರಿ ಬಿತ್ತೆಂದು ಅವರ ಕಡೆಯವರು ಹೇಳಿದರು. ಕಪಾಟಿಗೆ ಹೋಗುವ ಆಯುಧದೊಳಗೆ ಗುಂಡು ಏಕಿರಬೇಕು ಎಂಬ ಪ್ರಶ್ನೆಯನ್ನು ಅಂದು ಕೇಳಿದವರು ಕಡಿಮೆ.

ನಮಗೆ ಈ ಪಾಠ ಹೊಸದಲ್ಲ. ಬಾಣಗಳನ್ನು ಹಿಡಿದು ನಮ್ಮ ಮಸೀದಿಯಲ್ಲೋ ಪೇಟೆಯಲ್ಲೋ ಹಾದುಹೋಗುವವನು ಅವುಗಳ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಲಿ, ಯಾರಿಗೂ ಗೀರು ತಗಲದಿರಲಿ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಅಬೂ ಮೂಸಾ(ರ) ವರದಿ ಮಾಡಿದ್ದಾರೆ. ಒರೆಯಿಂದ ಹಿರಿದ ಖಡ್ಗವನ್ನು ಕೈಯಿಂದ ಕೈಗೆ ದಾಟಿಸುವುದನ್ನೂ ಅವರು ತಡೆದಿದ್ದಾರೆ. ಅಬೂ ಹುರೈರಾ(ರ) ವರದಿ ಮಾಡಿದ ಹದೀಸಿನಲ್ಲಿ ಇನ್ನಷ್ಟು ಗಂಭೀರವಾದ ಎಚ್ಚರಿಕೆಯಿದೆ. ಸಹೋದರನ ಕಡೆಗೆ ಆಯುಧ ತೋರಿಸಬಾರದು, ಶೈತಾನನು ಅದನ್ನು ಕೈಯಿಂದ ಜಾರಿಸಿ ಆ ಮನುಷ್ಯನನ್ನು ನರಕದ ಹೊಂಡಕ್ಕೆ ಕೆಡವಿಬಿಟ್ಟಾನು ಎಂಬುದು ಅದರ ಸಾರ. ಒಡಹುಟ್ಟಿದವನ ಕಡೆಗೇ ತೋರಿಸಿದರೂ ಮಲಕುಗಳ ಶಾಪವಿದೆ ಎಂದು ಮತ್ತೊಂದು ವರದಿ ಹೇಳುತ್ತದೆ. ಒಡಹುಟ್ಟಿದವನನ್ನು ಕೊಲ್ಲುವ ಉದ್ದೇಶ ಯಾರಿಗಿರುತ್ತದೆ? ತಮಾಷೆಗೆ ತೋರಿಸಿದವನಿಗೇ ಈ ಮಾತು. ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿಗೆ ಇಲ್ಲಿ ಜಾಗವೇ ಇಲ್ಲ.

ಅಮೆರಿಕದ ನೌಕಾಪಡೆಯ ಮೆರೀನ್ ದಳದಲ್ಲಿ ಅಧಿಕಾರಿಯಾಗಿದ್ದ ಜೆಫ್ ಕೂಪರ್ ಬಂದೂಕು ಹಿಡಿಯುವವರಿಗೆ ನಾಲ್ಕು ನಿಯಮ ಹೇಳಿಕೊಟ್ಟರು. ಪ್ರತಿಯೊಂದು ಕೋವಿಯೂ ತುಂಬಿದೆ ಎಂದೇ ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ಅದರ ಬಾಯಿ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಇಂದು ಲೋಕದಾದ್ಯಂತ ಕಲಿಸುವುದು ಹೆಚ್ಚುಕಡಿಮೆ ಇದನ್ನೇ. ಇವುಗಳಲ್ಲಿ ಎರಡನೆಯದು ಬಾಣದ ಮೊನೆಯ ಹದೀಸನ್ನು ಓದಿದವನಿಗೆ ಚೆನ್ನಾಗಿ ಪರಿಚಯದ್ದು.

ಮೊದಲನೆಯದನ್ನು ಮರೆತರೆ ಏನಾಗುತ್ತದೆ? 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಎಂಬ ಸಿನಿಮಾದ ಸೆಟ್ಟಿನಲ್ಲಿ ನಟ ಅಲೆಕ್ ಬಾಲ್ಡ್ವಿನ್ ಕೈಗೆ ರಿವಾಲ್ವರ್ ಬಂತು. ಅದು ಅಪಾಯವಿಲ್ಲದ್ದೆಂದು ಸಾರಲಾಗಿತ್ತು. ಒಳಗಿದ್ದದ್ದು ನಿಜವಾದ ಗುಂಡು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ನಿರ್ದೇಶಕರು ಗಾಯಗೊಂಡರು. ಆಯುಧಗಳ ಹೊಣೆ ಹೊತ್ತಿದ್ದ ಮಹಿಳೆಗೆ 2024ರಲ್ಲಿ 18 ತಿಂಗಳ ಸೆರೆಯಾಯಿತು. ಅವರು ನೋಡಿದ್ದಾರೆ ಎಂದು ಇವರು, ಇವರು ನೋಡುತ್ತಾರೆ ಎಂದು ಅವರು. ನಮ್ಮ ಮನೆಗಳಲ್ಲೂ ಇದೇ ತಾನೇ ನಡೆಯುವುದು? ಕೋವಿ ಕೊಡುವವನೂ ಬಿಚ್ಚಿ ತೋರಿಸಬೇಕು, ತೆಗೆದುಕೊಳ್ಳುವವನೂ ತನ್ನ ಕಣ್ಣಿನಿಂದಲೇ ನೋಡಬೇಕು. ಕೊಟ್ಟವನು ಮಾವನಾದರೂ ಸರಿ, ಊರ ಹಿರಿಯನಾದರೂ ಸರಿ, ಅದರಲ್ಲಿ ಅವಮಾನವೇನೂ ಇಲ್ಲ.

ನಾಲ್ಕನೆಯದಕ್ಕೂ ಉದಾಹರಣೆಯಿದೆ. 2006ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಕ್ಕಿ ಬೇಟೆಗೆ ಹೋಗಿದ್ದ ಅಮೆರಿಕದ ಅಂದಿನ ಉಪಾಧ್ಯಕ್ಷ ಡಿಕ್ ಚೇನಿ, ಹಾರುವ ಹಕ್ಕಿಯ ಜೊತೆ ಕೋವಿಯನ್ನೂ ತಿರುಗಿಸಿದರು. ಚರೆ ಹೋಗಿ ಬಿದ್ದದ್ದು ಜೊತೆಗಿದ್ದ 78 ವರ್ಷದ ವಕೀಲರ ಮುಖ, ಎದೆಗೆ. ಪುಣ್ಯಕ್ಕೆ ಅವರು ಬದುಕಿಕೊಂಡರು. ಕಾಫಿ ಗಿಡಗಳ ನಡುವೆ ಮುಸ್ಸಂಜೆಯಲ್ಲಿ ಸರಸರ ಸದ್ದಾದ ಕೂಡಲೇ ಹಂದಿಯೆಂದು ಹೊಡೆಯುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ತಕ್ದೀರ್. ಕೈತಪ್ಪಿ ಆದ ಕೊಲೆಯನ್ನು ಅಲ್ಲಾಹನು ಬೇಕೆಂದು ಮಾಡಿದ ಕೊಲೆಯಂತೆ ಎಣಿಸಿಲ್ಲ. ಆದರೆ ಸುಮ್ಮನೆ ಬಿಟ್ಟೂ ಇಲ್ಲ. ಸೂರಃ ಅನ್ನಿಸಾದ 92ನೇ ಆಯತ್ ನೋಡಿ. ಸತ್ತವನ ಮನೆಯವರು ಮನ್ನಿಸದಿದ್ದರೆ ಅವರಿಗೆ ರಕ್ತಪರಿಹಾರ ಕೊಡಬೇಕು. ಜೊತೆಗೆ ಒಬ್ಬ ಗುಲಾಮನ ವಿಮೋಚನೆ. ಅದು ಸಾಧ್ಯವಾಗದವನು ಎರಡು ತಿಂಗಳು ಎಡೆಬಿಡದೆ ಉಪವಾಸ ಹಿಡಿಯಬೇಕು. ಮನೆಯವರು ಮನ್ನಿಸಿದರೂ ಕಫ್ಫಾರದ ಈ ಉಪವಾಸ ತಪ್ಪುವುದಿಲ್ಲ. ನಡುವೆ ಕಾರಣವಿಲ್ಲದೆ ಒಂದು ದಿನ ಬಿಟ್ಟರೂ ಮತ್ತೆ ಮೊದಲಿನಿಂದ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ತನ್ನ ಕೈಯಲ್ಲಿದ್ದ ಕೋವಿಯಿಂದ, ಕೈತಪ್ಪಿಯೇ ಆಗಲಿ, ತಂದೆ ತೀರಿಹೋದರೆ ಆ ಮಗನಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ. ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳ ನಿಲುವು ಇದೇ. ತಕ್ದೀರ್ ಎಂದರೆ ಮುಗಿಯಿತು ಎನ್ನುವವರು ಇದನ್ನು ಯೋಚಿಸಲಿ.

ನಾಡಿನ ಕಾನೂನಿಗೂ ನಾವು ಬದ್ಧರು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಸೆರೆ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರಿಗೆ ಅಪಾಯ ತಂದರೆ, 2019ರ ಶಸ್ತ್ರಾಸ್ತ್ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೋದ ಗುಂಡು ಎಲ್ಲಾದರೂ ಇಳಿಯಲೇಬೇಕಲ್ಲವೇ?

ಸಹೋದರರೇ, ಒಂದು ಕಷ್ಟದ ವಿಷಯ ಉಳಿದಿದೆ. ಯಾರಿಗೂ ತಗಲದೆ ಗೋಡೆಗೋ ಮಾಡಿಗೋ ಗುಂಡು ಹಾರಿದರೆ ಮನೆಯವರು ಅದನ್ನು ಹೊರಗೆ ಹೇಳುವುದಿಲ್ಲ. ನಾಚಿಕೆ, ಲೈಸೆನ್ಸ್ ಹೋದೀತೆಂಬ ಭಯ. ಸಹೋದರನ ಕುಂದನ್ನು ಮುಚ್ಚಬೇಕೆಂದು ದೀನ್ ನಮಗೆ ಕಲಿಸಿರುವುದೂ ನಿಜ. ಆದರೆ ಮುಚ್ಚಬೇಕಾದದ್ದು ಹೆಸರನ್ನು. ಅನಾಹುತ ಹೇಗೆ ನಡೆಯಿತೆಂಬುದನ್ನೂ ಮುಚ್ಚಿಟ್ಟರೆ ಪಕ್ಕದ ಮನೆಯಲ್ಲಿ ಅದೇ ನಡೆಯುತ್ತದೆ, ಆಗ ಅಡ್ಡ ಗೋಡೆ ಇಲ್ಲದಿರಬಹುದು. ಬೇಲಿ ದಾಟುವಾಗ ಈಡು ತೆಗೆದಿರಲಿಲ್ಲ, ಜೀಪಿನಿಂದ ನಳಿಗೆ ಹಿಡಿದು ತನ್ನ ಕಡೆಗೆ ಎಳೆದುಕೊಂಡ, ಹಾರದ ತೋಟೆಯನ್ನು ತಕ್ಷಣ ಬಿಚ್ಚಿ ನೋಡಿದ. ಹೀಗೆ ನಡೆದದ್ದನ್ನು ಹೆಸರಿಲ್ಲದೆ ಹೇಳಿ. ಇದು ಗೀಬತ್ ಆಗುವುದಿಲ್ಲ.

ಮನೆಗೆ ಹೋದ ಮೇಲೆ ಕೋವಿಯನ್ನು ಒಂದು ಬೀಗದಲ್ಲಿ, ಮದ್ದು ತೋಟೆಗಳನ್ನು ಬೇರೆ ಬೀಗದಲ್ಲಿ ಇಡಿ. ಬೀಗದಕೈ ಅಟ್ಟದ ಮೇಲೋ ದಿಂಬಿನ ಕೆಳಗೋ ಬೇಡ, ಅಡಗಿಸಿಟ್ಟ ಮಿಠಾಯಿ ಹುಡುಕುವ ಮಕ್ಕಳಿಗೆ ಅವೆರಡೂ ಗೊತ್ತು. ಎಲ್ಲಾದರೂ ಕೋವಿ ಕಂಡರೆ ಮುಟ್ಟದೆ, ಅಲ್ಲಿಂದ ಎದ್ದು ಬಂದು, ದೊಡ್ಡವರಿಗೆ ಹೇಳಬೇಕೆಂದು ಮಕ್ಕಳಿಗೆ ಕಲಿಸಿ. ಗೆಳೆಯ ಹೇಡಿ ಎಂದು ನಕ್ಕರೂ ಎದ್ದು ಬರಲಿ. ಹಾಗೆ ಬಂದು ಹೇಳಿದ ಮಗುವಿಗೆ, ಅಲ್ಲಿಗೆ ಏಕೆ ಹೋಗಿದ್ದೆ ಎಂದು ಅಂದು ಗದರಬೇಡಿ.